ಸಿಪ್ಪೆ ಮೇಡಂ ಮತ್ತು ತಿಳಿನೀರು

"ಏಯ್! ಯಾರದು? ನಮ್ಮ ಮೋರೀಲಿ ಏನ್ ಕದೀತಿದೀರ?"

ಹಿಂದಿನಿಂದ ಕೂಗು ಬಂತು.

ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿತ್ತಲು. ಗೋಡೆಯಿಂದ ಆನೆಯ ಸೊಂಡಿಲಿನಂತೆ ಹೊರಚಾಚಿದ ಕೊಳವೆ. ಅದರ ಕೆಳಗೆ ಮಂಡಿಯೂರಿ, ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಸ್ವಂತ ಮೂಗು ಹಿಡಿದು ಕುಳಿತಿದ್ದಳು ನಮ್ಮ ಹುಡುಗಿ. ಮೈಮೇಲೆ ಪ್ರಯೋಗಾಲಯದ ಬಿಳಿ ಕೋಟು.

"ಕೊಳಚೆ ನೀರನ್ನ ಯಾರಾದ್ರೂ ಕದೀತಾರಾ?" ಮೂಗು ಬಿಡದೆಯೇ ಕೇಳಿದಳು.

"ಅದನ್ನೇ ನಾನೂ ಕೇಳ್ತಿರೋದು!"

ತಿರುಗಿ ನೋಡಿದಳು...

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲೆಲ್ಲ ರಾಜಕುಮಾರ ಏಳು ಸಮುದ್ರ ದಾಟಿ ಬಿಳಿ ಕುದುರೆಯ ಮೇಲೆ ಬರುತ್ತಿದ್ದ. ಇಲ್ಲಿ ಬಂದವನು ಮೋರಿ ದಾಟಿ ರಬ್ಬರ್ ಬೂಟಿನಲ್ಲಿ ಬಂದಿದ್ದ. ಎರಡೂ ಕೈ ಮೊಣಕೈವರೆಗೆ ನೇರಳೆ. ಆ ಕೈಯಿಂದಲೇ ತುರಿಸಿಕೊಂಡಿದ್ದನೋ ಏನೋ, ಒಂದು ಕಿವಿಯೂ ನೇರಳೆ! ಆದರೆ ಆ ಕಣ್ಣುಗಳು...

'ಛೀ, ಕಣ್ಣಿನ ವಿಷಯ ಈಗ್ಯಾಕೆ!' ಎಂದು ತನ್ನನ್ನು ತಾನೇ ಗದರಿಕೊಂಡಳು.

"ನಾನು ಸಂಶೋಧನೆ ಮಾಡ್ತಿದೀನಿ. ಈ ನೀರಿನಿಂದ ಬಣ್ಣ ತೆಗೆಯೋದು ಹೇಗೆ ಅಂತ."

"ಬಣ್ಣ ಹಾಕೋಕೇ ನಮಗೆ ಇಡೀ ದಿನ ಬೇಕು. ನೀವು ತೆಗೆಯೋಕೆ ಬಂದಿದೀರಾ? ಕೊಡಿ ಆ ಬಾಟ್ಲಿ."

"ಕೊಡಲ್ಲ!"

ಅವನು ಎಳೆದ. ಅವಳೂ ಎಳೆದಳು. ಅದೇ ಹೊತ್ತಿಗೆ ಒಳಗೆ ಯಾರೋ ತೊಟ್ಟಿಯ ತಡೆ ತೆಗೆದರು. ಕೊಳವೆ ಒಮ್ಮೆ ಗೊಳಕ್ ಎಂದು ತೇಗಿತು... ಮರುಕ್ಷಣ ತೊಟ್ಟಿಯಷ್ಟೂ ಬೆಚ್ಚನೆಯ ನೇರಳೆ ನೀರು ಇಬ್ಬರ ನೆತ್ತಿಯ ಮೇಲೆ!

ಅವಳು ಬಾಯಿ ತೆರೆದು ನಿಂತೇ ಇದ್ದಳು. ಅವನು ಮುಖ ಒರೆಸಿಕೊಂಡು ಅವಳ ಸುತ್ತ ನಿಧಾನಕ್ಕೆ ಒಂದು ಸುತ್ತು ಬಂದ. 'ಈಗ ಕ್ಷಮೆ ಕೇಳ್ತಾನೆ' ಎಂದುಕೊಂಡಳು. ಅವನು ಕೋಟಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿದ.

"ಸಮವಾಗಿ ಹಿಡಿದಿದೆ," ಎಂದ ಮೆಚ್ಚುಗೆಯಿಂದ. "ಎಲ್ಲೂ ಪಟ್ಟೆ ಬಿದ್ದಿಲ್ಲ."

"ರೀ...!!"

ಅವಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಕಂಡು ಅವನ ಮುಖ ಹೇಗಾಯಿತೆಂದರೆ, ಹಾಲು ಉಕ್ಕಿಸಿ ಸಿಕ್ಕಿಬಿದ್ದ ಮಗುವಿನ ಹಾಗೆ.

"ಅಳ್ಬೇಡಿ. ದಯವಿಟ್ಟು ಅಳ್ಬೇಡಿ. ಎಷ್ಟು ಬಾಟ್ಲಿ ಬೇಕು? ತುಂಬಿಸಿಕೊಡ್ತೀನಿ. ಬಕೆಟ್ ತರ್ಲಾ?"

ಯಾರಾದರೂ ಅತ್ತರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಮುಂದಿನ ಅನಾಹುತವೆಲ್ಲ ಹುಟ್ಟಿದ್ದು ಅದರಿಂದಲೇ.

* * *

ಅವನು ಆ ಕಾರ್ಖಾನೆಯ ಬಣ್ಣದ ಮಾಸ್ಟರ್. ಯಾವ ಪುಡಿ ಎಷ್ಟು, ಯಾವ ಬಟ್ಟೆ ಎಷ್ಟು ಹೊತ್ತು ಬೇಯಬೇಕು, ಎಲ್ಲ ಅವನ ಲೆಕ್ಕ. ಒಡತಿ ಅವನ ಸೋದರತ್ತೆ. ಕಾರ್ಖಾನೆಗೆ ಕಾರ್ಖಾನೆಯೇ ಆಕೆಯನ್ನು ಅತ್ತೆ ಎಂದೇ ಕರೆಯುತ್ತಿತ್ತು. ಆಕೆ ಕೆಮ್ಮಿದರೆ ಯಂತ್ರಗಳೂ ಮೆಲ್ಲಗೆ ಓಡುತ್ತಿದ್ದವು.

ಅತ್ತೆ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದರು.

"ನೀರು ಇಲಾಖೆಯ ಅಧಿಕಾರಿ ಎಚ್ಚರಿಕೆ ಕೊಟ್ಟು ಹೋಗಿದಾರೆ ಕಣಮ್ಮ. ಮುಂದಿನ ಸಲ ಬಂದಾಗ ಹೊಳೆಗೆ ಬಣ್ಣದ ನೀರು ಹೋಗ್ತಿದ್ರೆ ಪೈಪ್‌ಗೆ ಬೀಗ. ಪೈಪ್‌ಗೆ ಬೀಗ ಅಂದ್ರೆ ಕಾರ್ಖಾನೆಗೇ ಬೀಗ. ದೊಡ್ಡ ಯಂತ್ರ ಕೊಳ್ಳೋಕೆ ನನ್ ಕೈಲಾಗಲ್ಲ. ನಿನ್ ಹತ್ರ ಏನಿದೆ?"

"ಕಿತ್ತಳೆ ಸಿಪ್ಪೆ," ಎಂದಳು ಅವಳು.

ಅತ್ತೆ ಸೋದರಳಿಯನ ಕಡೆ ತಿರುಗಿದರು. "ಇವಳ ತಲೆ ಒಳಗೂ ಬಿಸಿನೀರು ಹೋಯ್ತೇನೋ?"

"ಜ್ಯೂಸ್ ಅಂಗಡಿಯವರು ಬಿಸಾಡ್ತಾರಲ್ಲ, ಆ ಸಿಪ್ಪೆ! ಒಣಗಿಸಿ, ಮುಚ್ಚಿದ ಡಬ್ಬೀಲಿ ಸುಟ್ಟು ಇದ್ದಿಲು ಮಾಡ್ತೀನಿ. ಡ್ರಮ್ಮಿಗೆ ತುಂಬಿ ಬಣ್ಣದ ನೀರು ಬಿಟ್ರೆ, ಬಣ್ಣ ಆ ಇದ್ದಿಲಿನ ಮೈಗೆ ಅಂಟಿಕೊಳ್ಳುತ್ತೆ, ಕೆಳಗೆ ತಿಳಿನೀರು ಬರುತ್ತೆ. ಖರ್ಚು ಅಂದ್ರೆ ಸೌದೆ ಮಾತ್ರ. ನಂಗೂ ಇದು ಕೊನೇ ಅವಕಾಶ, ಅತ್... ಮೇಡಂ. ನಿಜವಾದ ಕಾರ್ಖಾನೇಲಿ ಮಾಡಿ ತೋರಿಸದಿದ್ರೆ ನಮ್ಮ ಪ್ರೊಫೆಸರು ಈ ಕೆಲಸವನ್ನೇ ಕೈಬಿಡಿ ಅಂದಿದಾರೆ."

"ಅತ್ತೆ ಅಂತಾನೆ ಕರಿ. ಎಲ್ರೂ ಹಾಗೇ ಕರೆಯೋದು."

ಏನೋ ಗಂಟಲಿಗೆ ಸಿಕ್ಕಿದವಳಂತೆ ಅವಳು ಕೆಮ್ಮಿದಳು. ಮಾಸ್ಟರ್ ಸುಮ್ಮನೆ ಗೋಡೆಯ ಗಡಿಯಾರ ನೋಡಿದ. ಆ ಗಡಿಯಾರ ನಿಂತು ವರ್ಷವಾಗಿತ್ತು.

* * *

ಅಂದಿನಿಂದ ಅವಳು ಕಾರ್ಖಾನೆಯಲ್ಲಿ 'ಸಿಪ್ಪೆ ಮೇಡಂ'.

ತಾರಸಿಯ ಮೇಲೆ ಒಣಹಾಕಿದ ಬಣ್ಣದ ಬಟ್ಟೆಗಳ ನಡುವೆ ಸಿಪ್ಪೆಗಳೂ ಒಣಗಿದವು. ಅವಳ ಮನೆಯ ಹಿಂದೆ ಡಬ್ಬಿಗಳು ಹೊಗೆಯಾಡಿದವು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

"ಅಲ್ವೇ ಪುಟ್ಟೀ, ಈ ಇದ್ದಿಲು ಬಣ್ಣ ಕುಡಿಯುತ್ತಾ?" ಅಜ್ಜಿ ಸೆರಗು ಮೂಗಿಗೆ ಹಿಡಿದು ಕೇಳಿದರು.

"ಕುಡಿಯಲ್ಲ ಅಜ್ಜಿ. ಅದರ ಮೈತುಂಬ ಕಣ್ಣಿಗೆ ಕಾಣದ ತೂತು. ಬಣ್ಣ ಬಂದು ಅದನ್ನ ಹಿಡ್ಕೊಂಡು ಕೂತ್ಬಿಡುತ್ತೆ. ಬಿಡೋದೇ ಇಲ್ಲ."

"ಅಪ್ಪಿಕೊಳ್ಳುತ್ತೆ ಅನ್ನು. ಅದಕ್ಕೆ ಇಷ್ಟು ವರ್ಷ ಓದ್ಬೇಕಿತ್ತಾ?"

"ಅಜ್ಜೀ!"

"ನಿನ್ನ ಆ ಬಣ್ಣದ ಹುಡುಗ ಹೇಗಿದಾನೆ?"

"ಯಾವ ಹುಡುಗ?"

"ಊಟಕ್ಕೆ ಕೂತಾಗೆಲ್ಲ ಅವನ ಕೈ ಇವತ್ತು ಹಸಿರು, ನಿನ್ನೆ ಅರಿಶಿನ ಅಂತ ವರದಿ ಒಪ್ಪಿಸ್ತೀಯಲ್ಲ, ಆ ಹುಡುಗ."

ಅವಳ ಮುಖ ಕೆಂಪಾಯಿತು. ಅದನ್ನು ತೆಗೆಯುವ ಇದ್ದಿಲು ಇನ್ನೂ ತಯಾರಾಗಿರಲಿಲ್ಲ.

ನಿಜ, ಅವನ ಕೈ ನೋಡಿದರೆ ಅಂದು ತೊಟ್ಟಿಯಲ್ಲಿ ಯಾವ ಬಣ್ಣ ಎಂದು ಹೇಳಬಹುದಿತ್ತು. ಮೋರಿಯ ನೀರಂತೂ ಗಳಿಗೆಗೊಂದು ಬಣ್ಣ ತಾಳುತ್ತಿತ್ತು. ಅದನ್ನು ನಂಬಿ ಪ್ರಯೋಗ ಮಾಡುವುದು ಕಷ್ಟವೆಂದು ಅವಳು ಅವನಿಂದ ಬಣ್ಣದ ಪುಡಿಗಳನ್ನೇ ಪೊಟ್ಟಣ ಕಟ್ಟಿಸಿಕೊಂಡು ಹೋಗಿ, ಪ್ರಯೋಗಾಲಯದಲ್ಲಿ ನೀರಿಗೆ ಕರಗಿಸಿ ಪರೀಕ್ಷಿಸಿದಳು. ಇದ್ದಿಲು ಸುಟ್ಟಿದ್ದು ಹೆಚ್ಚಾಯಿತೆಂದು ಒಮ್ಮೆ, ಕಡಿಮೆಯಾಯಿತೆಂದು ಒಮ್ಮೆ ಎಲ್ಲ ಚೆಲ್ಲಿ ಮತ್ತೆ ಸುಟ್ಟಳು. ಕೊನೆಗೊಂದು ದಿನ, ಗಾಢ ಕೆಂಪು ನೀರು ಕೆಳಗೆ ತೊಟ್ಟಿಕ್ಕಿದ್ದು ಕನ್ನಡಿಯಂತೆ ತಿಳಿಯಾಗಿ! ಅವಳು ಕುಣಿದಳು. ಪುಡಿ ಕೊಡಲು ಅಲ್ಲಿಗೆ ಬಂದಿದ್ದ ಮಾಸ್ಟರ್ ಕುಣಿಯಲಿಲ್ಲ. ಅವಳು ಕುಣಿಯುವುದನ್ನು ನೋಡುತ್ತ ಬಕೆಟ್ಟಿನಲ್ಲಿ ಕಾಲಿಟ್ಟ.

* * *

ತಪಾಸಣೆಯ ದಿನ ಬಂತು.

ಅಧಿಕಾರಿಗೆ ವರ್ಷವಿಡೀ ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಗಾಜಿನ ನಳಿಕೆ ಹಿಡಿದು ಡ್ರಮ್ಮಿನ ಮುಂದೆ ನಿಂತರು. ಅತ್ತೆ ಉಸಿರು ಬಿಗಿಹಿಡಿದರು. ನಮ್ಮ ಸಿಪ್ಪೆ ಮೇಡಂ ಉಸಿರಾಡುವುದನ್ನೇ ಮರೆತಿದ್ದಳು.

ನಲ್ಲಿ ತಿರುಗಿತು. ನೀರು ಬಂತು...

ತಿಳಿ! ಸ್ಫಟಿಕದಂಥ ತಿಳಿ!

"ಭೇಷ್," ಎಂದು ಅಧಿಕಾರಿ ಸೀನಿದರು. "ಅನುಮತಿ ಮುಂದುವರಿಸ್ತೀನಿ."

ಅತ್ತೆ ಅವಳ ಕೆನ್ನೆ ಹಿಂಡಿದರು. ಅವಳು ಮಾಸ್ಟರನ್ನು ಹುಡುಕಿದಳು. ಅವನು ಮೂಲೆಯಲ್ಲಿ ನಿಂತಿದ್ದ. ಮತ್ತು... ಅವನ ಕೈಗಳು! ಮೊದಲ ಬಾರಿ ಅವು ಮನುಷ್ಯರ ಕೈಯಂತಿದ್ದವು. ಒಂದಿಷ್ಟೂ ಬಣ್ಣವಿಲ್ಲ.

'ನನಗೋಸ್ಕರ ಉಜ್ಜಿ ಉಜ್ಜಿ ತೊಳ್ಕೊಂಡು ಬಂದಿದಾನೆ!' ಅವಳ ಎದೆಯೊಳಗೆ ಅಜ್ಜಿಯ ಕಥೆಯ ಕುದುರೆಗಳೆಲ್ಲ ಒಟ್ಟಿಗೆ ಓಡಿದವು. ಆದರೆ ಅವನು ಅವಳತ್ತ ನೋಡಿ ನಗಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಬೇಗನೆ ಬಂದಳು. ಹೊಸ ಅಂಗಿ. ಮನಸ್ಸಿನಲ್ಲಿ ಒಂದು ಮಾತು. ಇವತ್ತು ಹೇಳಿಯೇ ಬಿಡುವುದು!

ಹಿತ್ತಲಿಗೆ ಕಾಲಿಟ್ಟವಳು ಅಲ್ಲೇ ನಿಂತಳು.

ಡ್ರಮ್ಮಿನ ನಲ್ಲಿಯಿಂದ ಕೆಂಪು ನೀರು ಸುರಿಯುತ್ತಿತ್ತು. ಮೇಲಿನಿಂದ ಒಳಗೆ ಹೋದದ್ದು ಹೇಗಿತ್ತೋ ಹಾಗೆಯೇ.

"ಅತ್ತೇ! ಏನಾಯ್ತು ಇದಕ್ಕೆ? ನಿನ್ನೆ ಸರಿ ಇತ್ತಲ್ಲ!"

"ನಿನ್ನೆ ಬಣ್ಣವೇ ಹಾಕ್ಲಿಲ್ವಲ್ಲೇ," ಅತ್ತೆ ಬಟ್ಟೆ ಎಣಿಸುತ್ತಲೇ ಹೇಳಿದರು. "ಬರೀ ಬಿಳಿ ಬಟ್ಟೆ ತೊಳೆದಿದ್ದು. ಮಾಸ್ಟರು ಹೇಳ್ದ, ತೊಟ್ಟಿ ದುರಸ್ತಿ ಇದೆ ಅಂತ. ಯಾಕೆ? ನಿಂಗೆ ಹೇಳ್ಲಿಲ್ವಾ?"

ಬಣ್ಣವಿಲ್ಲದ ಕೈಗಳು...

ಅವಳಿಗೆ ಎಲ್ಲ ಅರ್ಥವಾಯಿತು. ಓಡುತ್ತಿದ್ದ ಕುದುರೆಗಳು ಒಂದರ ಮೇಲೊಂದು ಮುಗ್ಗರಿಸಿ ಬಿದ್ದವು.

ಅವನು ತೊಟ್ಟಿಯ ಬಳಿ ಇದ್ದ. ಕೈ ಮೊಣಕೈವರೆಗೆ ಕೆಂಪು. ಅವಳನ್ನು ಕಂಡು ಕೋಲು ಕೆಳಗಿಟ್ಟ.

"ನನ್ನ ಡ್ರಮ್ಮಿಗೆ ಬರೀ ಸೋಪಿನ ನೀರು ಬಿಟ್ರಾ?"

"ಕೇಳಿ... ನಿನ್ನೆ ಬೆಳಿಗ್ಗೆ ನಾನೊಬ್ನೇ, ಮೊನ್ನೆ ಉಳಿದಿದ್ದ ಕೆಂಪು ನೀರು ಬಿಟ್ಟು ನೋಡ್ದೆ. ಕೆಂಪಾಗೇ ಬಂತು. ನೀವು ಬರೋ ಹೊತ್ತಾಗಿತ್ತು. ಅದನ್ನ ನೋಡಿದ್ರೆ ನಿಮ್ಮ ಮುಖ ಹೇಗಾಗುತ್ತೆ ಅಂತ ಯೋಚನೆ ಬಂತು... ಆಮೇಲೆ ಬೇರೆ ಯೋಚನೆ ಬರ್ಲೇ ಇಲ್ಲ."

"ಪೈಪ್ ಉಳಿಸ್ಕೊಳ್ಳೋಕೆ ನನ್ನನ್ನ ಉಪಯೋಗಿಸಿದ್ರಿ ಅನ್ನಿ!"

"ಪೈಪ್ ನೆನಪೇ ಇರ್ಲಿಲ್ಲ! ನಿಮ್ಮಾಣೆಗೂ ಇರ್ಲಿಲ್ಲ!"

"ಹಾಗಿದ್ರೆ ಅದು ಇನ್ನೂ ದೊಡ್ಡ ಅವಮಾನ! ನನ್ನ ಕೆಲಸ ಸೋತಿದ್ರೆ ಸೋತಿದೆ ಅಂತ ಹೇಳ್ಬೇಕಿತ್ತು. ಸಮಾಧಾನ ಮಾಡೋಕೆ ನಾನೇನು ಮಗುವಾ? ಅಧಿಕಾರಿಗೆ ಹೇಳ್ತೀನಿ."

"ಹೇಳಿದ್ರೆ ಬೀಗ ಹಾಕ್ತಾರೆ. ಇಲ್ಲಿರೋರೆಲ್ಲ ಮನೇಗೆ."

"ಹೇಳದಿದ್ರೆ ಈ ಕೆಂಪೆಲ್ಲ ಹೊಳೆಗೆ! ಅದೂ ನನ್ನ ಹೆಸರಿನಲ್ಲಿ!"

ಅವಳು ಹೊರಟುಹೋದಳು. ಹೇಳಬೇಕೆಂದು ತಂದಿದ್ದ ಆ ಇನ್ನೊಂದು ಮಾತು ಗಂಟಲಲ್ಲೇ ಉಳಿಯಿತು.

* * *

ಅಧಿಕಾರಿಯ ಕಚೇರಿಗೆ ಹೋಗುವ ದಾರಿ ಅವಳಿಗೆ ಎಂದಿಗಿಂತ ಉದ್ದವೆನಿಸಿತು. 'ಅತ್ತೆ ಏನಂದ್ಕೊಳ್ತಾರೆ? ಪ್ರೊಫೆಸರ್? ನನ್ನ ಸಿಪ್ಪೆಗಳ ಗತಿ?' ಕಾಲುಗಳು ಎರಡು ಬಾರಿ ಹಿಂದಕ್ಕೆ ತಿರುಗಿದವು. ಎರಡು ಬಾರಿಯೂ ಬೈದು ಮುಂದಕ್ಕೆ ತಿರುಗಿಸಿದಳು.

ಬಾಗಿಲು ತಳ್ಳಿದರೆ... ಒಳಗೆ ಕುರ್ಚಿಯ ತುದಿಯಲ್ಲಿ ಮಾಸ್ಟರ್! ಕೆಂಪು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದು ಕುಳಿತಿದ್ದ.

"ತಪ್ಪು ನಂದು ಸರ್," ಎನ್ನುತ್ತಿದ್ದ. "ಅವರಿಗೆ ಏನೂ ಗೊತ್ತಿರಲಿಲ್ಲ."

"ಇಲ್ಲ ಸರ್, ನಂದು!" ಅವಳು ನುಗ್ಗಿದಳು. "ನನ್ನ ಇದ್ದಿಲು ಕೆಲಸ ಮಾಡ್ಲಿಲ್ಲ!"

"ನೀರು ಬದಲಾಯಿಸಿದ್ದು ನಾನು!"

"ಬದಲಾಯಿಸೋ ಹಾಗೆ ಮಾಡಿದ್ದು ನನ್ನ ಡ್ರಮ್ಮು!"

"ನಿಮ್ಮ ಡ್ರಮ್ಮನ್ನ ಏನೂ ಅನ್ಬೇಡಿ!"

"ನನ್ನ ಡ್ರಮ್ಮು, ನಾನು ಏನು ಬೇಕಾದ್ರೂ ಅಂತೀನಿ!"

"ಸಾಕು!" ಅಧಿಕಾರಿ ಮೇಜು ಕುಟ್ಟಿ ಮೂರು ಸೀನು ಸೀನಿದರು. "ಒಬ್ಬೊಬ್ಬರಾಗಿ ತಪ್ಪೊಪ್ಕೊಳಿ! ನನ್ನ ಇಡೀ ನೌಕರೀಲಿ ಒಂದು ತಪ್ಪಿಗೆ ಇಬ್ಬರು ಜಗಳ ಆಡಿದ್ದು ನೋಡಿಲ್ಲ."

ಕರವಸ್ತ್ರ ಮಡಚಿ ಅವರು ಇಬ್ಬರನ್ನೂ ನೋಡಿದರು. "ನಿನ್ನೆ ಕೊಟ್ಟ ಅನುಮತಿ ರದ್ದು. ಇವತ್ತಿನಿಂದ ಹೊಳೆಗೆ ಒಂದು ಹನಿ ಬಿಡೋ ಹಾಗಿಲ್ಲ. ಮುಂದಿನ ವಾರ ಬರ್ತೀನಿ. ಬಣ್ಣ ನಾನು ಹೇಳಿದ್ದು. ನಿಮ್ಮಲ್ಲಿರೋ ಎಲ್ಲಕ್ಕಿಂತ ಗಾಢವಾದ್ದು. ತೊಟ್ಟಿಗೆ ಹಾಕೋದರಿಂದ ಹಿಡಿದು ನಾನು ಪಕ್ಕದಲ್ಲೇ ನಿಂತಿರ್ತೀನಿ. ಆಗಲೂ ಬಣ್ಣ ಬಂದ್ರೆ, ಬೀಗ."

ಹೊರಗೆ ಬಂದಾಗ ಇಬ್ಬರೂ ರಸ್ತೆಯ ಎರಡು ಬದಿಯಲ್ಲಿ ನಡೆದರು. ಒಂದೇ ಕಡೆಗೆ.

'ನನಗಿಂತ ಮುಂಚೆ ಬಂದು ಕೂತಿದ್ದ...' ಅವಳ ಸಿಟ್ಟು ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತು. ತಕ್ಷಣ ಅದಕ್ಕೆ ತೇಪೆ ಹಾಕಿದಳು.

* * *

"ಒಂದು ತೊಟ್ಟಿ ಕೆಂಪು ಮಾಡಿ. ಮೊದಲಿಂದ ಕೊನೇವರೆಗೆ ನಾನು ನೋಡ್ಬೇಕು," ಎಂದಳು ಮಾರನೆಯ ದಿನ. ಮುಖ ಗೋಡೆಯ ಕಡೆ.

"ಸರಿ ಮೇಡಂ," ಎಂದ. ಮುಖ ತೊಟ್ಟಿಯ ಕಡೆ.

"ಗೋಡೆಗೂ ತೊಟ್ಟಿಗೂ ಮಾತಾಡೋದು ಬಿಟ್ಟು ಕೆಲಸ ಮಾಡ್ರೋ," ಎಂದರು ಅತ್ತೆ. ಸೋದರಳಿಯನ ಕಿವಿ ಹಿಂಡಿ ಅವರ ಕೋಪ ಆಗಷ್ಟೇ ಸ್ವಲ್ಪ ಇಳಿದಿತ್ತು. "ಹೊಳೆಗೆ ಬಿಡೋ ಹಾಗಿಲ್ಲ ಅಂತ ಹಿತ್ತಲ ಟ್ಯಾಂಕು ತುಂಬ್ತಾ ಇದೆ."

ಅವನು ಪುಡಿ ಹಾಕಿದ. ಉಪ್ಪು ಹಾಕಿದ. ಆಮೇಲೆ ಒಂದು ಚೀಲದಿಂದ ಬಿಳಿಯ ಪುಡಿಯನ್ನು ಸುರಿದ.

"ಏನದು?"

"ಸೋಡಾ. ಇದಿಲ್ದೆ ಬಣ್ಣ ಬಟ್ಟೆ ಹಿಡಿಯಲ್ಲ."

"ಅಷ್ಟೊಂದಾ?!"

ಅವಳು ಮೆಲ್ಲಗೆ ಸೋಡಾ ಚೀಲದ ಮೇಲೆ ಕುಳಿತಳು. ಹಣೆ ಬಡಿದುಕೊಂಡಳು. ಮತ್ತೊಮ್ಮೆ ಬಡಿದುಕೊಂಡಳು.

"ಮೇಡಂ? ನೀರು ಬೇಕಾ?"

"ನೀರಲ್ಲೇ ತಪ್ಪು ಮಾಡಿದ್ದು ನಾನು! ನೀವು ಕೊಟ್ಟ ಪುಡೀನ ಒಳ್ಳೇ ನೀರಿಗೆ ಹಾಕಿ ಪರೀಕ್ಷೆ ಮಾಡ್ದೆ. ನಿಮ್ಮ ನೀರಲ್ಲಿ ಇಷ್ಟು ಸೋಡಾ ಇದೆ. ಸೋಡಾ ಇದ್ರೆ ಈ ಕೆಂಪು ನನ್ನ ಇದ್ದಿಲಿನ ಹತ್ರಾನೂ ಸುಳಿಯಲ್ಲ, ಇದ್ದಿಲೇ ಅದನ್ನ ದೂರ ತಳ್ಳಿಬಿಡುತ್ತೆ. ಪುಸ್ತಕದಲ್ಲಿ ಓದಿದೀನಿ! ಪರೀಕ್ಷೇಲಿ ಬರೆದಿದೀನಿ! ಆದ್ರೂ ನನಗೆ ಸುಲಭವಾಗೋ ನೀರನ್ನೇ ನಾನು..."

ಮಾತು ಅಲ್ಲೇ ನಿಂತಿತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಎರಡು ದಿನದಲ್ಲಿ ಮೊದಲ ಸಲ, ನೇರವಾಗಿ.

"ನೀವು ಒಂದು ದಿನ ನನಗೆ ಸುಲಭದ ನೀರು ಕೊಟ್ರಿ. ನಾನು ತಿಂಗಳುಗಟ್ಟಲೆ ನನಗೇ ಕೊಟ್ಕೊಂಡಿದ್ದೆ."

ಅವನು ಚೀಲದ ಇನ್ನೊಂದು ತುದಿಯಲ್ಲಿ ಕುಳಿತ. ಚೀಲ ಒಮ್ಮೆಲೇ ಕುಸಿದು ಇಬ್ಬರೂ ಅರಿವಿಲ್ಲದೆ ನಡುವಿಗೆ ಜಾರಿದರು. ಇಬ್ಬರೂ ದಿಗ್ಗನೆ ಎದ್ದರು.

"ಹುಳಿ ಬೇಕು," ಎಂದಳು ಗಡಿಬಿಡಿಯಲ್ಲಿ. "ಸೋಡಾನ ಮುರಿದು, ನೀರು ಸ್ವಲ್ಪ ಹುಳಿ ಆಗ್ಬೇಕು. ಆಗ ಇದ್ದಿಲು ಹಿಡಿಯುತ್ತೆ. ಬಟ್ಟೆಗೆ ಹಿಡಿದ ಸೋಡಾನ ನೀವು ಹೇಗೆ ತೆಗೀತೀರ?"

"ಕೊನೇಲಿ ಹುಳಿನೀರಲ್ಲಿ ಅದ್ತೀವಿ. ಅದು ಬೇರೆ ಪೈಪಲ್ಲಿ ಹೋಗುತ್ತೆ."

"ಅದನ್ನೂ ಚೆಲ್ತೀರಾ!! ಎರಡೂ ನೀರನ್ನ ಒಂದೇ ಟ್ಯಾಂಕಿಗೆ ತನ್ನಿ. ತಣ್ಣಗಾಗ್ಲಿ. ಸಾಲದಿದ್ರೆ ಇನ್ನಷ್ಟು ಹುಳಿ ಸೇರಿಸೋಣ. ಆಮೇಲೆ ಡ್ರಮ್ಮಿಗೆ!"

ಆ ವಾರ ಪೂರ್ತಿ ಇಬ್ಬರೂ ಕೊಳವೆ ಕತ್ತರಿಸಿದರು, ಜೋಡಿಸಿದರು, ಸಿಪ್ಪೆ ಸುಟ್ಟರು, ಜಗಳ ಆಡಿದರು. ಮೊದಲ ಸಲ ನೀರು ಗುಲಾಬಿಯಾಗಿ ಬಂತು. ಅವನು ಗಾಜಿನ ಲೋಟವನ್ನು ಬೆನ್ನ ಹಿಂದೆ ಅಡಗಿಸಲು ಹೋಗಿ, ಅರ್ಧಕ್ಕೆ ನಿಂತು, ತಾನೇ ಮುಂದೆ ಚಾಚಿದ.

"ಗುಲಾಬಿ," ಎಂದ. ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು.

"ಗೊತ್ತಾಯ್ತು," ಎಂದಳು. ಅವಳಿಗೆ ಅಳು ಬರಬೇಕಿತ್ತು. ಯಾಕೋ ನಗು ಬಂತು.

* * *

ಅಧಿಕಾರಿ ಬಂದರು. ಅತ್ಯಂತ ಗಾಢವಾದ ಕಡುಗೆಂಪನ್ನೇ ಆರಿಸಿದರು. ತೊಟ್ಟಿಯ ಬಳಿ ಸೀನಿದರು, ಟ್ಯಾಂಕಿನ ಬಳಿ ಸೀನಿದರು, ಕೊನೆಗೆ ಡ್ರಮ್ಮಿನ ಬಳಿ ಬಂದು ನಿಂತರು. ಕೆಲಸದವರೆಲ್ಲ ಸುತ್ತ ನೆರೆದರು. 'ಮೊಮ್ಮಗಳ ಡ್ರಮ್ಮು' ನೋಡಲೆಂದು ಬಂದಿದ್ದ ಅಜ್ಜಿ ನೋಡುತ್ತಿದ್ದುದು ಮಾತ್ರ ಮಾಸ್ಟರನ್ನು.

ನಲ್ಲಿ ತಿರುಗಿತು.

ಒಂದು ಹನಿ... ಇನ್ನೊಂದು... ಸಣ್ಣ ಧಾರೆ.

ಅಧಿಕಾರಿ ನಳಿಕೆ ತುಂಬಿಸಿ ಬಿಳಿ ಹಲಗೆಯ ಮುಂದೆ ಹಿಡಿದರು. ಕಣ್ಣು ಕಿರಿದು ಮಾಡಿದರು.

"ತಿಳಿ ಇದೆ."

ಎಲ್ಲರೂ ಹೋ ಎಂದರು.

"ಇಲ್ಲ ಸರ್," ಎಂದಳು ಅವಳು.

"ಸುಮ್ನಿರೇ!" ಎಂದು ಅತ್ತೆ ಚಿವುಟಿದರು.

"ಅಂಚಲ್ಲಿ ನೋಡಿ ಸರ್. ತುಸು ಗುಲಾಬಿ ಇದೆ."

ಅಧಿಕಾರಿ ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇದೆ," ಎಂದರು. "ಸ್ವಲ್ಪ ಇದೆ. ಆದ್ರೆ ಕಾನೂನು ಬಿಡೋದಕ್ಕಿಂತ ತುಂಬಾ ಕಡಿಮೆ. ಎರಡನೇ ಡ್ರಮ್ಮು ಹಾಕಿ, ಅದೂ ಹೋಗುತ್ತೆ. ಬಣ್ಣ ತುಂಬಿದ ಇದ್ದಿಲನ್ನ ಹೊಳೆ ದಂಡೆಗೆ ಸುರಿಯೋ ಹಾಗಿಲ್ಲ, ನೆನಪಿರ್ಲಿ. ಪೈಪಿಗೆ ಬೀಗ ಇಲ್ಲ." ಹೋಗುತ್ತ ತಿರುಗಿ ಮಾಸ್ಟರನ್ನು ನೋಡಿದರು. "ನಿಮಗೆ ಇವರು ಬೇಕೇ ಬೇಕು ಕಣ್ರೀ. ಸುಳ್ಳು ಹೇಳೋಕೆ ನಿಮಗೆ ಬರಲ್ಲ, ಇವರು ಬಿಡಲ್ಲ."

ಜನ ಚದುರಿದರು. ಅತ್ತೆ ಅಜ್ಜಿಯ ಕೈಹಿಡಿದು, "ಒಳಗೆ ಬನ್ನಿ, ಮಾತಾಡೋದಿದೆ," ಎಂದು ಕರೆದೊಯ್ದರು. ಇಬ್ಬರು ಹಿರಿಯರ ಪಿಸುಮಾತು ಕಾರ್ಖಾನೆಗೆಲ್ಲ ಕೇಳುವಷ್ಟು ಜೋರಾಗಿತ್ತು.

ಹಿತ್ತಲಲ್ಲಿ ಉಳಿದವರು ಅವಳು, ಅವನು, ಮತ್ತು ತೊಟ್ಟಿಕ್ಕುವ ಡ್ರಮ್ಮು.

"ನಾನು ಅವತ್ತು ಯಾಕೆ ಹಾಗೆ ಮಾಡ್ದೆ ಅಂದ್ರೆ..." ಅವನು ಬೂಟಿನ ತುದಿ ನೋಡುತ್ತ ಶುರು ಮಾಡಿದ. "ನೀವು ಕುಣಿದಿರಲ್ಲ, ಪ್ರಯೋಗಾಲಯದಲ್ಲಿ. ಅದು ನಿಲ್ಲಬಾರದು ಅನ್ನಿಸ್ತು. ಅಷ್ಟೇ. ನನಗೆ ನೀವು ಅಂದ್ರೆ... ಬಣ್ಣದ ಬಗ್ಗೆ ಆದ್ರೆ ಸರಿಯಾಗಿ ಹೇಳ್ತಿದ್ದೆ."

"ಪ್ರಯತ್ನ ಮಾಡಿ."

"ತೊಳೆದ್ರೂ ಹೋಗಲ್ಲ ಮೇಡಂ."

ಅವಳ ಕಣ್ಣು ತುಂಬಿತು. ಅವನು ಗಾಬರಿಯಿಂದ ಸುತ್ತಮುತ್ತ ಬಕೆಟ್ ಹುಡುಕಿದ.

"ಓಡ್ಬೇಡಿ! ಇದು ಒಳ್ಳೇ ಅಳು," ಎಂದು ಅವನ ತೋಳು ಹಿಡಿದಳು. "ನಾನೂ ಅವತ್ತು ಬೆಳಿಗ್ಗೆ ಇದನ್ನೇ ಹೇಳೋಕೆ ಬಂದಿದ್ದೆ. ಹೊಸ ಅಂಗಿ ಹಾಕ್ಕೊಂಡು. ಜಗಳ ಆಡಿ ಹೋದೆ."

"ಈಗ?"

"ಈಗ ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಮುಂದೆ ಎಂದಾದ್ರೂ ನನ್ನ ನೀರು ಕೆಂಪಾಗಿ ಬಂದ್ರೆ?"

"ಕೆಂಪು ಅಂತಾನೆ ಹೇಳ್ತೀನಿ."

"ನಾನು ಅತ್ರೆ?"

ಅವನ ಕಣ್ಣು ಮತ್ತೆ ಬಕೆಟ್ ಹುಡುಕಿತು.

"ಆಗಲೂ ಕೆಂಪು ಅಂತಾನೆ ಹೇಳ್ತೀನಿ... ಪಕ್ಕದಲ್ಲಿ ಕೂತ್ಕೊಂಡು."

"ದೂರದಲ್ಲಿ ನಿಂತು ಅಲ್ಲ ತಾನೇ?"

"ಇಷ್ಟು ಹತ್ರ," ಎಂದು ಅವನು ಒಂದು ಹೆಜ್ಜೆ ಮುಂದೆ ಬಂದ.

ಅವಳು ಆ ಅಂತರವನ್ನು ನೋಡಿದಳು. ಸಂಶೋಧಕಿಯಲ್ಲವೇ, ಅವಳಿಗೆ ಸಮಾಧಾನವಾಗಲಿಲ್ಲ.

"ಇನ್ನೂ ಸ್ವಲ್ಪ," ಎಂದಳು ಮೆಲ್ಲಗೆ.